ಸೋತ ಹೃದಯ, ಊದಿದ ಪಾದ

ಯಾರಾದರೂ ಇದ್ದಕ್ಕಿದ್ದಂತೆ ಮೃತರಾದರೆ ‘ಹಾರ್ಟ್ ಫೇಲ್ ಆಯಿತು’ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ವೈದ್ಯಶಾಸ್ತ್ರದಲ್ಲಿ ಈ ಮಾತಿನ ಅರ್ಥವೇ ಬೇರೆ. ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಮುಂದೂಡುವ ಶಕ್ತಿ ಕುಂದುವುದು. ಈ ಸ್ಥಿತಿಯಲ್ಲಿಯೂ ಮನುಷ್ಯನು ವರ್ಷಗಟ್ಟಲೆ ಬದುಕಬಲ್ಲನು. ಆದುದರಿಂದಲೇ ಅದರ ಕುರುಹುಗಳನ್ನು ಮೊದಲೇ ಅರಿತಿರುವುದು ಅವಶ್ಯ.

ಮೊದಲು ಆರೋಗ್ಯವಂತ ಹೃದಯದ ಕೆಲಸವನ್ನು ನೋಡೋಣ. ಅದು ಮುಷ್ಟಿಯಷ್ಟು ಗಾತ್ರದ, ಸ್ನಾಯುವಿನಿಂದಾದ ಪಂಪು. ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು 72 ಸಲ ಮಿಡಿದು ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಇದು 7,000 ಲೀಟರನ್ನೂ ಮೀರುತ್ತದೆ. ಬಲಭಾಗವು ದೇಹದಿಂದ ಮರಳಿದ ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದ ರಕ್ತವನ್ನು ಎಡಭಾಗವು ದೇಹಕ್ಕೆಲ್ಲ ಹಂಚುತ್ತದೆ.

ಈ ಪಂಪು ಸೋತರೆ ಏನಾಗುತ್ತದೆ? ಉತ್ತರಕ್ಕಾಗಿ ಬಾಗಲಕೋಟೆಯನ್ನು ನೆನೆಯೋಣ. ಕೃಷ್ಣೆಗೆ ಅಣೆಕಟ್ಟು ಕಟ್ಟಿದುದು ಆಲಮಟ್ಟಿಯಲ್ಲಿ. ಆದರೆ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗಾಗಿ ನವನಗರವನ್ನು ಕಟ್ಟಬೇಕಾಯಿತು. ತಡೆ ಒಂದೆಡೆ, ನೀರು ನಿಂತುದು ಇನ್ನೊಂದೆಡೆ. ದೇಹದಲ್ಲಿಯೂ ಹೀಗೆಯೇ. ಹೃದಯದ ಎಡಭಾಗವು ದುರ್ಬಲವಾದರೆ ಅದರ ಹಿಂದಿರುವ ಶ್ವಾಸಕೋಶಗಳಲ್ಲಿ ದ್ರವ ಸೇರುತ್ತದೆ. ಕ್ರಮೇಣ ಬಲಭಾಗವೂ ದಣಿದಾಗ ಕೊರಳಿನ ಅಭಿಧಮನಿಗಳು ಉಬ್ಬುತ್ತವೆ, ಯಕೃತ್ತು ಹಿಗ್ಗುತ್ತದೆ, ಪಾದಗಳು ಊದುತ್ತವೆ. ಸಾಲದುದಕ್ಕೆ, ತಮಗೆ ಬರುವ ರಕ್ತ ಕಡಿಮೆಯಾದುದರಿಂದ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೊರಬಿಡದೆ ಹಿಡಿದಿಡುತ್ತವೆ. ನೆರವಿಗೆಂದು ದೇಹವು ಮಾಡಿಕೊಂಡ ಈ ಏರ್ಪಾಡೇ ಹಿನ್ನೀರನ್ನು ಇನ್ನಷ್ಟು ಏರಿಸುತ್ತದೆ.

ಲಕ್ಷಣಗಳು ಬಹುಮಟ್ಟಿಗೆ ಮೆಲ್ಲಮೆಲ್ಲಗೆ ಬರುತ್ತವೆ. ಬಾದಾಮಿಯ ಗುಹಾಲಯಗಳ ಮೆಟ್ಟಿಲೇರುವಾಗ ಯಾರಿಗಾದರೂ ಏದುಸಿರು ಸಹಜ. ಆದರೆ ಹಿಂದಿನ ವರ್ಷ ನಾಲ್ಕನೆಯ ಗುಹೆಯವರೆಗೂ ಹತ್ತಿದ ಅಜ್ಜ ಈ ವರ್ಷ ಮೊದಲನೆಯದರ ಬಳಿಯೇ ಕುಳಿತುಬಿಟ್ಟರೆ, ಅದನ್ನು ಮುಪ್ಪೆಂದು ತಳ್ಳಿಹಾಕಬಾರದು. ಮಲಗಿದಾಗ ಕಾಲುಗಳಲ್ಲಿದ್ದ ದ್ರವವು ಎದೆಯತ್ತ ಮರಳುವುದರಿಂದ ತಲೆಗೆ ಎರಡು ಮೂರು ದಿಂಬುಗಳು ಬೇಕಾಗುತ್ತವೆ. ನಡುರಾತ್ರಿ ಉಸಿರುಕಟ್ಟಿ ಎದ್ದು ಕೂರಬೇಕಾಗುತ್ತದೆ. ಇಳಕಲ್ಲಿನಲ್ಲಿ ದಿನವೆಲ್ಲ ಮಗ್ಗದ ಮುಂದೆ ಕುಳಿತ ನೇಕಾರನ ಪಾದಗಳು ಸಂಜೆ ತುಸು ಊದಿ ಬೆಳಗ್ಗೆ ಇಳಿಯಬಹುದು. ಅದು ಕುಳಿತುದರ ಫಲ. ಊತವು ದಿನೇ ದಿನೇ ಮೇಲೇರಿ, ಬೆರಳೊತ್ತಿದ ಕುಳಿ ಹಾಗೆಯೇ ಉಳಿದು, ಏದುಸಿರೂ ಜೊತೆಗೂಡಿದರೆ ತಡಮಾಡಲಾಗದು. ಮೂತ್ರಪಿಂಡದ ರೋಗದಲ್ಲಿಯೂ ಊತ ಬರುವುದರಿಂದ ವೈದ್ಯರು ರಕ್ತಪರೀಕ್ಷೆ, ಇಸಿಜಿ, ಎಕೋ ಪರೀಕ್ಷೆಗಳಿಂದ ಕಾರಣವನ್ನು ನಿರ್ಣಯಿಸುತ್ತಾರೆ.

ಕಾರಣಗಳು ಹಲವು. ಹೃದಯಾಘಾತದಲ್ಲಿ ಸ್ನಾಯುವಿನ ಒಂದು ಭಾಗವೇ ಸತ್ತು ಕಲೆಯಾಗುತ್ತದೆ. ಬಹುಕಾಲದ ರಕ್ತದೊತ್ತಡದಿಂದ ಹೃದಯದ ಗೋಡೆ ದಪ್ಪಗಾಗಿ ಬಿಗಿಯುತ್ತದೆ. ಆಗ ಅದು ಸರಿಯಾಗಿ ತುಂಬಿಕೊಳ್ಳಲಾರದು. ಮಧುಮೇಹ, ಅತಿಯಾದ ಮದ್ಯಪಾನಗಳೂ ಸ್ನಾಯುವನ್ನು ಕೆಡಿಸುತ್ತವೆ. ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಕಾರಣವೊಂದುಂಟು. ಸ್ಟ್ರೆಪ್ಟೋಕಾಕಸ್ ಎಂಬ ಜೀವಾಣುವಿನಿಂದ ಗಂಟಲು ಬೇನೆ ಬಂದು ಚಿಕಿತ್ಸೆಯಾಗದಿದ್ದರೆ, 5ರಿಂದ 15 ವಯಸ್ಸಿನ ಕೆಲವು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರವುಂಟಾಗಿ ಹೃದಯದ ಕವಾಟಗಳು ಕೆಡುತ್ತವೆ. ಅದರ ಫಲ ಯೌವನದಲ್ಲಿ ಕಾಣಿಸಿಕೊಳ್ಳಬಹುದು. ಸಕಾಲದ ಪೆನಿಸಿಲಿನ್ ಇದನ್ನು ತಡೆಯಬಲ್ಲದು.

1785ರಲ್ಲಿ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯನು ಡಿಜಿಟಾಲಿಸ್ ಗಿಡದ ಎಲೆಯಿಂದ ಇಂತಹ ಊತ ಇಳಿಯುವುದನ್ನು ವರ್ಣಿಸಿದನು. ಇಂದು ಮೂತ್ರವನ್ನು ಹೆಚ್ಚಿಸಿ ದ್ರವವನ್ನು ಹೊರಹಾಕುವ ಔಷಧಿಗಳೂ, ಹೃದಯದ ಹೊರೆಯನ್ನಿಳಿಸಿ ಆಯುಷ್ಯವನ್ನು ಹೆಚ್ಚಿಸುವ ಔಷಧಿಗಳೂ ಇವೆ. ಊತ ಇಳಿಯಿತೆಂದು ಇವನ್ನು ತಾವಾಗಿಯೇ ನಿಲ್ಲಿಸುವುದು ಅಪಾಯಕರ.

ಮನೆಯವರ ಪಾಲೂ ಇದರಲ್ಲಿ ಹಿರಿದು. ಹುನಗುಂದದ ಕರಿನೆಲದ ಜೋಳದ ರೊಟ್ಟಿಯಿಂದ ಕೇಡಿಲ್ಲ. ಅದರೊಡನೆ ಬರುವ ಉಪ್ಪಿನಕಾಯಿ, ಹಪ್ಪಳಗಳಲ್ಲಿರುವ ಉಪ್ಪು ನೀರನ್ನು ಹಿಡಿದಿಡುತ್ತದೆ. ರೋಗಿಯು ದಿನವೂ ಬೆಳಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನಗಳಲ್ಲಿ 2 ಕಿಲೋ ಏರಿದರೆ, ಅದು ಮೈ ತುಂಬಿಕೊಂಡುದಲ್ಲ, ನೀರು ತುಂಬಿದುದು. ಕೂಡಲೇ ವೈದ್ಯರನ್ನು ಕಾಣಬೇಕು. ಹಿನ್ನೀರು ಹೊಸ್ತಿಲನ್ನು ಮುಟ್ಟುವ ಮೊದಲೇ ಎಚ್ಚರಗೊಳ್ಳುವುದು ಜಾಣತನವಲ್ಲವೆ?