ಗಡಿಯೂರಿನಲ್ಲಿ ಗಾಡಿ ಹಿಡಿಯುವುದು

ಕಾಗವಾಡಕ್ಕೆ ವರ್ಗವಾಯಿತು ಎಂದಾಗ ತುಮಕೂರಿನಲ್ಲಿ ನಮ್ಮ ಮನೆಯವರೆಲ್ಲ ಹೇಳಿದ್ದು ಒಂದೇ ಮಾತು: ಮೊದಲು ಒಂದು ಸ್ಕೂಟರ್ ತಗೋ, ಆ ಕಡೆ ಬಸ್ಸು ನಂಬಿಕೊಂಡು ಇರೋಕಾಗಲ್ಲ. ನಾನು ಸ್ಕೂಟರ್ ಕೊಳ್ಳಲಿಲ್ಲ, ಅದರಿಂದ ತೊಂದರೆಯೂ ಆಗಲಿಲ್ಲ. ಈ ಭಾಗದಲ್ಲಿ ಗಾಡಿಗಳಿಗೆ ಬರವಿಲ್ಲ. ಆದರೆ ಅವು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಗಾಡಿಗಳು. ಎರಡನ್ನೂ ಕೂಡಿಸಿ ನೋಡುವುದು ರೂಢಿಯಾದರೆ ಪರವೂರಿನವರಿಗೂ ಓಡಾಟ ಸಲೀಸು.

ಜಿಲ್ಲಾ ಕೇಂದ್ರ ಬೆಳಗಾವಿ ಇಲ್ಲಿಂದ ನೂರು ಕಿಲೋಮೀಟರಿಗೂ ಆಚೆ. ಆದರೆ ಗಡಿಯಾಚೆ ಮ್ಹೈಸಾಳ ದಾಟಿದರೆ ಮಿರಜ ಬಂದೇಬಿಟ್ಟಿತು. ಕಾಗವಾಡದವರಿಗೆ ದೊಡ್ಡ ದವಾಖಾನೆ, ಮದುವೆಯ ಜವಳಿ, ಪುಣೆ–ಮುಂಬೈ ರೈಲು ಎಲ್ಲವೂ ಮಿರಜವೇ. ಹಾಗಾಗಿ ಸ್ಟ್ಯಾಂಡಿನಲ್ಲಿ ಚಿಕ್ಕೋಡಿ ವಿಭಾಗದ ನಮ್ಮ ಬಸ್ಸು ಮಾತ್ರ ಕಾಯುತ್ತ ಕೂರುವುದು ದಂಡ. ಮಹಾರಾಷ್ಟ್ರದ ಸರ್ಕಾರಿ ಬಸ್ಸು, ಅಂದರೆ ಎಸ್‌ಟಿ ಗಾಡಿ ಬಂದರೆ ಅದನ್ನೂ ಹತ್ತಬೇಕು. ಅದರ ಬೋರ್ಡು ದೇವನಾಗರಿಯಲ್ಲಿರುತ್ತದೆ, ವೇಳಾಪಟ್ಟಿಯ ಅಂಕಿಗಳೂ ಹಾಗೇ. ಶಾಲೆಯಲ್ಲಿ ಹಿಂದಿ ಓದಿದವರಿಗೆ ಇದು ಕಷ್ಟವಲ್ಲ.

ಬೋರ್ಡಿಗಿಂತ ಜನರ ಮಾತು ಹೆಚ್ಚು ನಂಬಿಕೆಗೆ ಅರ್ಹ. ಒಂದು ಸಂಜೆ ಮಿರಜ ಸ್ಟ್ಯಾಂಡಿನಲ್ಲಿ ನಿಂತ ಗಾಡಿಯ ಮೆಟ್ಟಿಲಿಗೆ ಕಾಲಿಡುತ್ತಿದ್ದೆ. ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ ಕೈ ಅಡ್ಡ ಚಾಚಿ, "ಬಾಯಾರ, ಅದು ಬ್ಯಾಡ್ರಿ, ಮ್ಹೈಸಾಳದಾಗ ತಿರಗತೈತಿ. ಎಲ್ಲಿಗಿ ಹೊಂಟೀರಿ?" ಎಂದಳು. ಕಾಗವಾಡ ಎಂದೆ. "ಹಂಗಾರ ಕುಂದರ್ರಿ. ಅಥಣಿ ಗಾಡಿ ಬರತೈತಿ, ನಾನೂ ಅದಕ್ಕ ಕುಂತೀನಿ." ಚೀಲ ಸರಿಸಿ ಜಾಗ ಮಾಡಿಕೊಟ್ಟಳು. ಗಾಡಿ ಬಂದಾಗ ನನಗಿಂತ ಮೊದಲು ಎದ್ದು, ಕಿಟಕಿಯಿಂದ ಟವೆಲ್ ಎಸೆದು ಇಬ್ಬರಿಗೂ ಸೀಟು ಹಿಡಿದಳು. ಕಂಡಕ್ಟರ್ ಜತೆ ಮರಾಠಿ, ನನ್ನ ಜತೆ ಕನ್ನಡ, ಫೋನಿನಲ್ಲಿ ಮಗನ ಜತೆ ಎರಡೂ. ಅವತ್ತಿನಿಂದ ನಾನು ಯಾವ ಸ್ಟ್ಯಾಂಡಿಗೆ ಹೋದರೂ ಮೊದಲು ಕೂತವರನ್ನು ಕೇಳುತ್ತೇನೆ.

ಟಿಕೆಟ್ಟಿನ ಲೆಕ್ಕ ಹೆಂಗಸರಿಗೆ ಮುಖ್ಯ. ಕರ್ನಾಟಕದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಅಥಣಿಗೋ ಚಿಕ್ಕೋಡಿಗೋ ಹೋಗುವಾಗ ಗುರುತಿನ ಚೀಟಿ ತೋರಿಸಿದರೆ ಶೂನ್ಯ ಟಿಕೆಟ್. ಅದೇ ವರ್ಷದ ಮಾರ್ಚ್‌ನಿಂದ ಎಸ್‌ಟಿಯಲ್ಲಿ ಹೆಂಗಸರಿಗೆ ಮಹಾರಾಷ್ಟ್ರದೊಳಗೆ ಅರ್ಧ ಟಿಕೆಟ್. ಮಿರಜದಿಂದ ಮುಂದಿನ ಊರುಗಳಿಗೆ ಹೋಗುವಾಗ ಅದು ಒದಗುತ್ತದೆ. ಗಡಿ ದಾಟುವ ಗಾಡಿಯಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಮಾತ್ರ ಹತ್ತುವಾಗಲೇ ಕೇಳಿಬಿಡಿ. ಚಿಲ್ಲರೆ ಕೈಯಲ್ಲಿರಲಿ.

ರೈಲನ್ನು ಹೊಸಬರು ಮರೆಯುತ್ತಾರೆ. ಮಿರಜ–ಲೋಂಡಾ ಮಾರ್ಗ ಈ ಭಾಗದ ತಾಲ್ಲೂಕುಗಳ ನಡುವೆಯೇ ಹಾದುಹೋಗುತ್ತದೆ: ಶೇಡಬಾಳ, ಉಗಾರ ಖುರ್ದ, ಕೃಷ್ಣೆ ದಾಟಿದರೆ ಕುಡಚಿ, ಮುಂದೆ ಚಿಂಚಲಿ, ರಾಯಬಾಗ. ಬೆಂಗಳೂರಿಗೆ ಹೋಗಲು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇರುವುದು ಈ ಹಳಿಯ ಮೇಲೆಯೇ. ಒಂದು ಎಚ್ಚರಿಕೆ: 'ಚಿಕ್ಕೋಡಿ ರೋಡ್' ನಿಲ್ದಾಣದಲ್ಲಿ ಇಳಿದರೆ ಚಿಕ್ಕೋಡಿ ಪಟ್ಟಣ ಸಿಗುವುದಿಲ್ಲ, ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು. ಅಥಣಿಗೂ ನಿಪ್ಪಾಣಿಗೂ ರೈಲೇ ಇಲ್ಲ.

ಇಲ್ಲಿ ಗಡಿಯಾರಕ್ಕಿಂತ ಋತು ನೋಡಿ ಹೊರಡಬೇಕು. ಕಬ್ಬಿನ ಹಂಗಾಮು ಶುರುವಾದರೆ ಉಗಾರದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳ ಹಿಂದೆ ಸಿಕ್ಕಿಕೊಂಡ ಬಸ್ಸು ತೆವಳಬೇಕಷ್ಟೇ. ಆ ತಿಂಗಳುಗಳಲ್ಲಿ ನಾನು ಒಂದು ಗಾಡಿ ಮೊದಲೇ ಹೊರಡುತ್ತೇನೆ. ಮಳೆಗಾಲದಲ್ಲಿ ಕೃಷ್ಣೆ ಏರಿದರೆ ಉಗಾರ–ಕುಡಚಿ ರಸ್ತೆಯ ಸೇತುವೆ ಮುಳುಗುತ್ತದೆ. 2019ರ ಆಗಸ್ಟ್ ಮಹಾಪೂರವನ್ನು ಇಲ್ಲಿನವರು ಇನ್ನೂ ಮರೆತಿಲ್ಲ. ರಸ್ತೆ ಮುಳುಗಿದಾಗ ರೈಲು ನಡೆಯುತ್ತಿದೆಯೇ ಎಂದು ವಿಚಾರಿಸಿಕೊಂಡೇ ಮನೆ ಬಿಡಬೇಕು.

ಇವೆಲ್ಲಕ್ಕಿಂತ ನೋವು ಕೊಡುವುದು ಜಗಳದ ದಿನಗಳು. 2025ರ ಫೆಬ್ರವರಿಯಲ್ಲಿ ಕನ್ನಡ–ಮರಾಠಿ ಭಾಷೆಯ ತಂಟೆ ಎದ್ದು ಎರಡು ರಾಜ್ಯಗಳ ನಡುವೆ ಬಸ್ ಓಡಾಟಕ್ಕೆ ಪೆಟ್ಟು ಬಿತ್ತು. ಬೆಂಗಳೂರಿಗೂ ಮುಂಬೈಗೂ ಅದು ಒಂದು ಸುದ್ದಿ. ಡಯಾಲಿಸಿಸ್‌ಗೆ ಮಿರಜಕ್ಕೆ ಹೋಗುವ ಕಾಗವಾಡದ ಮುದುಕನಿಗೆ, ಮಾಲು ಹೊತ್ತು ಸಂತೆಗೆ ಹೊರಟ ಹೆಂಗಸಿಗೆ ಅದು ಅವತ್ತಿನ ಬದುಕು. ಅಂಥ ದಿನಗಳಲ್ಲಿ ಕೈಹಿಡಿಯುವುದು ವಡಾಪ್, ಅಂದರೆ ಜನ ತುಂಬಿದ ಮೇಲೆ ಹೊರಡುವ ಜೀಪು. ಎರಡು ಸರ್ಕಾರಗಳ ಬಸ್ಸು ಇರುವ ಊರಿನಲ್ಲಿ ರೋಗಿಯನ್ನು ಜೀಪಿನ ಕೊನೆಯ ಸೀಟಿಗೆ ತುರುಕುವುದನ್ನು ನಾನು ಒಪ್ಪಲಾರೆ.

ಸಿಂಗಪುರದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೇಳುತ್ತಿರುತ್ತಾಳೆ, ಅಲ್ಲಿ ಬಸ್ಸು ಓಡಿಸುವ ಕಂಪನಿಗಳು ಹಲವು, ಆದರೆ ಕಾರ್ಡು ಒಂದೇ, ಅದೇ ಕಾರ್ಡು ರೈಲಿಗೂ ಆಗುತ್ತದೆ. ಯಾರ ಬಸ್ಸು ಎಂದು ಪ್ರಯಾಣಿಕ ನೋಡಬೇಕಾಗಿಯೇ ಇಲ್ಲ. ನಾನು ಅಷ್ಟು ಕೇಳುತ್ತಿಲ್ಲ. ಕಾಗವಾಡ ಮತ್ತು ಮಿರಜ ಸ್ಟ್ಯಾಂಡುಗಳಲ್ಲಿ ಎರಡೂ ನಿಗಮಗಳ ಗಾಡಿಗಳ ವೇಳೆಯನ್ನು ಒಂದೇ ಹಲಗೆಯ ಮೇಲೆ, ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಲಿ. ಎಂಥ ಗಲಾಟೆ ಎದ್ದರೂ ದವಾಖಾನೆಗೆ ಹೋಗುವವರಿಗಾಗಿ ಬೆಳಿಗ್ಗೆ ಒಂದು, ಸಂಜೆ ಒಂದು ಗಾಡಿ ಗಡಿ ದಾಟುವಂತೆ ಎರಡೂ ಕಡೆಯ ಅಧಿಕಾರಿಗಳು ಕೂತು ಮಾತಾಡಿಕೊಳ್ಳಲಿ.