ನಿದ್ದೆ ಕೇಳಿ, ಸಹಿ ಕೇಳಬೇಡಿ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಸುತ್ತಮುತ್ತ ಬದುಕುವವರಿಗೆ "ಗೆಳೆಯರಿಗೆ ತೊಂದರೆ ಕೊಡಬಹುದೇ?" ಎಂಬ ಪ್ರಶ್ನೆಯೇ ಪೇಟೆಯವರದ್ದು ಅನ್ನಿಸುತ್ತದೆ. ಯಾರಿಗೂ ತೊಂದರೆ ಕೊಡದೆ ಇಲ್ಲಿ ಒಂದು ಹಂಗಾಮು ದಾಟುವುದಿಲ್ಲ. ಒಂದು ಸಹಕಾರ ಸಂಘದಲ್ಲಿ ಸಾಲದ ಅರ್ಜಿ ನೋಡುತ್ತ ವರ್ಷಗಟ್ಟಲೆ ಕೂತವನು ನಾನು. ಜೊತೆಗೆ ಒಂದು ಸಣ್ಣ ಅಡಿಕೆ ತೋಟ. ಹಾಗಾಗಿ ಕೇಳುವವರನ್ನೂ ನೋಡಿದ್ದೇನೆ, ಕೇಳಿಸಿಕೊಂಡು ಒದ್ದಾಡುವವರನ್ನೂ ನೋಡಿದ್ದೇನೆ. ಕೇಳಬಹುದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಏನು ಕೇಳಬೇಕು, ಹೇಗೆ ಕೇಳಬೇಕು ಎಂಬಲ್ಲಿ ಕೆಲವು ತೀರ್ಮಾನಗಳಿಗೆ ಬಂದಿದ್ದೇನೆ.

1. ಬೆಳಗಾಗುವಷ್ಟರಲ್ಲಿ ಮುಗಿಯುವ ತೊಂದರೆಯನ್ನು ಧಾರಾಳವಾಗಿ ಕೇಳಿ.

ಹುಬ್ಬಳ್ಳಿ ಕಡೆಯಿಂದಲೋ ಬೆಂಗಳೂರಿಂದಲೋ ಮಗಳು ರಾತ್ರಿ ರೈಲಿಗೆ ಬರುತ್ತಾಳೆ. ಇಳಿಯುವುದು ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ. ಆ ಹೊತ್ತಿಗೆ ಊರಿಗೆ ಬಸ್ಸಿಲ್ಲ. ಕಾರಿರುವ ಗೆಳೆಯನನ್ನು ಎಬ್ಬಿಸಬೇಕು. ಎಬ್ಬಿಸಿ. ಅವನು ಗೊಣಗುತ್ತಾನೆ, ಲುಂಗಿಯ ಮೇಲೇ ಸ್ವೆಟರ್ ಹಾಕಿಕೊಂಡು ಬರುತ್ತಾನೆ, ದಾರಿಯುದ್ದಕ್ಕೂ ನಿಮ್ಮನ್ನು ಬೈಯುತ್ತಾನೆ. ಮರುದಿನ ಮಧ್ಯಾಹ್ನ ಒಂದು ನಿದ್ದೆ ತೆಗೆದರೆ ಅವನ ಲೆಕ್ಕ ಚುಕ್ತಾ. ದಾವಣಗೆರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ರೋಗಿಯ ಜೊತೆಗಿರುವುದು, ಸಾವಿನ ಮನೆಯಲ್ಲಿ ಸೌದೆ, ಶಾಮಿಯಾನ ನೋಡಿಕೊಳ್ಳುವುದು, ಅಡಿಕೆ ಬೇಯಿಸುವ ದಿನ ಹಂಡೆಯ ಮುಂದೆ ನಿಲ್ಲುವುದು ಎಲ್ಲ ಇದೇ ಜಾತಿಗೆ ಸೇರಿದವು. ಮೈ ದಣಿಯುತ್ತದೆ, ಆರುತ್ತದೆ. ಮುಯ್ಯಾಳಿನ ಪದ್ಧತಿ ಇಷ್ಟು ಕಾಲ ಉಳಿದದ್ದೂ ಇದಕ್ಕೇ. ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕತ್ತಲಾಗುವಷ್ಟರಲ್ಲಿ ಆ ದಿನದ ಕೆಲಸ ಮುಗಿದಿರುತ್ತದೆ.

ಇಂಥದ್ದನ್ನೂ ಕೇಳದೆ, "ಯಾಕೆ ಸುಮ್ನೆ ಅವರಿಗೆ ತೊಂದರೆ" ಎಂದು ನಡುರಾತ್ರಿ ಬಾಡಿಗೆ ವಾಹನ ಹುಡುಕುವವರ ಸಂಕೋಚ ನನಗೆ ಹಿಡಿಸುವುದಿಲ್ಲ. ನಿಮ್ಮಿಂದ ಏನನ್ನೂ ಕೇಳದ ಅವರ ಮನೆಗೆ ನಾಳೆ ನೀವು ಕೇಳಲು ಹೋಗುವುದೂ ಕಷ್ಟವಾಗುತ್ತದೆ.

2. ಸಹಿ ಬೇರೆ ಮಾತು.

ಸಂಘದ ಮೇಜಿನ ಮುಂದೆ ನಡೆಯುವುದು ಹೀಗೆ. ಸಾಲಗಾರ ಜಾಮೀನಿಗೆಂದು ಗೆಳೆಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿರುತ್ತಾನೆ. ಗೆಳೆಯ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಆಧಾರ್ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಉಜ್ಜಿ ಉಜ್ಜಿ ಬಿಡಿಸುತ್ತಾನೆ. "ಎಲ್ಲೆಲ್ಲಿ ಸಾರ್?" ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿದ ಕಡೆಯೆಲ್ಲ ಸಹಿ ಬೀಳುತ್ತದೆ. "ಒಂದ್ಸಲ ಓದಿ ನೋಡಪ್ಪ" ಅಂದರೆ, "ಇವನೇನು ಬೇರೆಯವನಾ ಸಾರ್?" ಎಂದು ನಗುತ್ತಾನೆ. ಪಕ್ಕದಲ್ಲಿ ನಿಂತವನು "ಸುಮ್ನೆ ಫಾರ್ಮಾಲಿಟಿ ಕಣೋ" ಅನ್ನುತ್ತಾನೆ. ಆಮೇಲೆ ಇಬ್ಬರೂ ಹೋಗಿ ಟೀ ಕುಡಿಯುತ್ತಾರೆ.

ಅದು ಫಾರ್ಮಾಲಿಟಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅಸಲು, ಬಡ್ಡಿ, ಸುಸ್ತಿ ಬಡ್ಡಿ ಎಲ್ಲವೂ ಸೇರಿ. "ಮೊದಲು ಅವನ ಹತ್ತಿರ ವಸೂಲಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ" ಅನ್ನುವ ವಾದವೂ ನಿಲ್ಲುವುದಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ 1968ರಲ್ಲೇ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿದೆ. ಜಾಮೀನುದಾರ ಹಣ ಕಟ್ಟಿದರೆ ಅದನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಅವನಿಗಿದೆ. ಆದರೆ ಗೆಳೆಯನ ಮೇಲೆ ದಾವಾ ಹಾಕಿಯೇ ಹಣ ಪಡೆಯಬೇಕಾದ ದಿನ ಗೆಳೆತನದಲ್ಲಿ ಉಳಿದಿರುವುದಾದರೂ ಏನು?

ಹಣದ ಮೊತ್ತಕ್ಕಿಂತ ನನ್ನ ತಕರಾರು ಇನ್ನೊಂದು. ರಾತ್ರಿ ರೈಲಿಗೆ ಕಾರು ತಂದವನ ತೊಂದರೆ ಯಾವಾಗ ಮುಗಿಯುತ್ತದೆ ಎಂಬುದು ಅವನಿಗೆ ಗೊತ್ತು. ಜಾಮೀನು ಹಾಕಿದವನ ತೊಂದರೆ ಮುಗಿಯುವುದು ಕೇಳಿದವನು ಕೊನೆಯ ಕಂತು ಕಟ್ಟಿದಾಗ. ಐದು ವರ್ಷದ ಸಾಲವಾದರೆ ಐದು ವರ್ಷವೂ ಅವನ ಬೆಳೆ, ಅವನ ಬೋರ್‌ವೆಲ್, ಅವನ ಮಗಳ ಮದುವೆ, ಅವನ ಚಟ ಎಲ್ಲವೂ ಇವನ ಚಿಂತೆ. ಗೆಳೆಯ ಹೊಸ ಬುಲೆಟ್ ಕೊಂಡರೆ ಸಂತೋಷಪಡುವ ಬದಲು "ಕಂತು ಕಟ್ಟಿದಾನೋ ಇಲ್ವೋ" ಎಂದು ಯೋಚಿಸುವ ಸ್ಥಿತಿಗೆ ಬರುತ್ತಾನೆ. ಮುಗಿತಾಯ ಯಾರ ಕೈಯಲ್ಲಿದೆ ಎಂದು ನೋಡಿ. ನಿಮ್ಮ ಕೈಯಲ್ಲಿದ್ದರೆ ಕೇಳುವ ಮುಂಚೆ ಎರಡು ಸಲ ಯೋಚಿಸಿ.

ಮನೆಯಲ್ಲಿ ಒಡವೆಯಿದ್ದರೆ ಮೊದಲು ಅದನ್ನಿಟ್ಟು ಸಾಲ ತೆಗೆಯಿರಿ. ಹೆಂಡತಿಯ ಸರ ಅಡವಿಡಲು ನಾಚಿಕೆ, ಗೆಳೆಯನ ಹೊಲವನ್ನು ಹೊಣೆಗೆ ಸಿಕ್ಕಿಸಲು ನಾಚಿಕೆಯಿಲ್ಲ. ಈ ಮರ್ಯಾದೆಯ ಲೆಕ್ಕ ನನಗೆ ಎಂದೂ ಅರ್ಥವಾಗಿಲ್ಲ. ಬೇರೆ ದಾರಿಯೇ ಇಲ್ಲದೆ ಜಾಮೀನು ಕೇಳಬೇಕಾಗಿ ಬಂದರೆ ಕಚೇರಿ ಬಾಗಿಲಲ್ಲಿ ಕೇಳಬೇಡಿ. ಎರಡು ದಿನ ಮುಂಚೆ ಅವನ ಮನೆಗೆ ಹೋಗಿ, ಅವನ ಹೆಂಡತಿಯ ಎದುರಿಗೇ ಮೊತ್ತ, ಬಡ್ಡಿ, ಕಂತು, ವಾಯಿದೆ ಹೇಳಿ. ಸಾಲ ಮಂಜೂರಾದ ಪತ್ರದ ಒಂದು ಜೆರಾಕ್ಸ್ ಅವನ ಕೈಯಲ್ಲಿರಲಿ. ಪ್ರತಿ ಕಂತಿನ ರಸೀದಿಯ ಫೋಟೊವನ್ನು ಅವನು ಕೇಳುವ ಮುಂಚೆಯೇ ವಾಟ್ಸಾಪ್ ಮಾಡಿ.

ಕ್ರಯಪತ್ರಕ್ಕೆ ಸಾಕ್ಷಿ ಹಾಕುವುದು ಹೀಗಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಜಾಮೀನಿನಲ್ಲಿ ಕೈ ಸುಟ್ಟುಕೊಂಡವರು ಸಾಕ್ಷಿಗೂ ಹೆದರುತ್ತಾರೆ. ಸಾಕ್ಷಿದಾರ ಹೇಳುವುದು ತನ್ನೆದುರು ಸಹಿಯಾಯಿತು ಎಂದಷ್ಟೇ. ಹಣದ ಹೊಣೆ ಅವನಿಗೆ ಬರುವುದಿಲ್ಲ.

3. ನೀರು ಕೇಳುವಾಗ ತಾರೀಕು ಹಾಕಿ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಅದರ ಮುಂದಿನ ಬೇಸಿಗೆಯಲ್ಲಿ ಅಡಿಕೆ ತೋಟ ಇದ್ದವರು ಒಬ್ಬರನ್ನೊಬ್ಬರು ಕೇಳಿದ್ದು ಹಣವನ್ನಲ್ಲ. "ಬೋರಲ್ಲಿ ಎರಡು ಇಂಚು ನೀರೈತಲ್ಲ ಅಣ್ಣ, ಒಂದು ಲೈನ್ ಈ ಕಡೆ ಬಿಡು." ಟ್ಯಾಂಕರ್ ಹೊಡೆಸಿ ಹೊಡೆಸಿ ಸೋತವನು ಬಂದು ಬದುವಿನ ಮೇಲೆ ಕೂತು ಕೇಳಿದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ತೋಟ ಒಣಗಿದರೆ ಮತ್ತೆ ಫಸಲು ಕಾಣಲು ಐದಾರು ವರ್ಷ ಬೇಕೆಂಬುದು ಇಬ್ಬರಿಗೂ ಗೊತ್ತು.

ಕೇಳಬೇಕಾದದ್ದೇ. ಎಡವುವುದು "ಮಳೆ ಬರೋವರೆಗೂ" ಅನ್ನುವಲ್ಲಿ. ಮಳೆಯ ತಾರೀಕು ಯಾರಿಗೂ ಗೊತ್ತಿಲ್ಲ. ಯುಗಾದಿವರೆಗೆ ಎನ್ನಿ, ಬಸವ ಜಯಂತಿವರೆಗೆ ಎನ್ನಿ. ಆ ದಿನ ಬಂದಾಗ ನೀವೇ ಹೋಗಿ ಪೈಪು ಬಿಚ್ಚಿ. ಬೇಕಿದ್ದರೆ ಮತ್ತೆ ಕೇಳಿ. ತ್ರೀ ಫೇಸ್ ಕರೆಂಟು ಬರುವುದು ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಆ ಗಂಟೆಗಳಲ್ಲಿ ಯಾರಿಗೆ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಮೋಟಾರು ಸುಟ್ಟರೆ ಎತ್ತಿಸುವ ಕೂಲಿ ಯಾರದ್ದು, ರಿವೈಂಡಿಂಗ್ ಯಾರದ್ದು? ಎರಡು ತೋಟಕ್ಕೆ ಹೊಡೆದ ಮೋಟಾರು ಒಬ್ಬನ ಖರ್ಚಿನಲ್ಲಿ ರಿಪೇರಿಯಾದರೆ ಆ ಬದುವಿನ ಎರಡೂ ಕಡೆ ಮಾತು ನಿಲ್ಲುತ್ತದೆ. ಇಂಥ ಜಗಳಗಳ ರಾಜಿಗೆ ಕೂತಾಗ ನೀರಿನ ಬಗ್ಗೆ ತಕರಾರು ಬಂದದ್ದು ಕಡಿಮೆ. ಬಂದದ್ದೆಲ್ಲ ಮೋಟಾರಿನ ಬಗ್ಗೆ.

4. ಇಲ್ಲ ಅನ್ನಲು ಅವರಿಗೆ ದಾರಿ ಬಿಡಿ.

ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ ಎಂಬ ಸಂಶೋಧಕರು 2008ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಸಹಾಯ ಕೇಳುವವರು, ಎದುರಿನವರು ಒಪ್ಪುವ ಸಾಧ್ಯತೆಯನ್ನು ಶೇ 50ರವರೆಗೂ ಕಡಿಮೆ ಅಂದಾಜು ಮಾಡುತ್ತಾರೆ. ಇದನ್ನು ಓದಿದವರು "ನೋಡಿ, ಜನ ಒಳ್ಳೆಯವರು, ಧೈರ್ಯವಾಗಿ ಕೇಳಿ" ಎಂದು ಖುಷಿಪಡುತ್ತಾರೆ. ಸಂಶೋಧಕರು ಕಂಡುಕೊಂಡ ಕಾರಣವನ್ನು ಮರೆಯುತ್ತಾರೆ: ಮುಖಕ್ಕೆ ಮುಖ ಕೊಟ್ಟು ಇಲ್ಲ ಅನ್ನುವುದು ಎಷ್ಟು ಕಷ್ಟ ಎಂಬುದು ಕೇಳುವವನ ತಲೆಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಇದು ಅಲ್ಲಿಗಿಂತ ಹೆಚ್ಚೇ ಇದ್ದೀತು. ನಮ್ಮ ಊರುಗಳಲ್ಲಿ "ಆಗಲ್ಲ" ಎಂಬ ಮಾತು ಬಾಯಿಂದ ಬರುವುದೇ ಇಲ್ಲ. "ನೋಡಾಣ" ಬರುತ್ತದೆ. ನೋಡಾಣ ಅಂದವನನ್ನು ಮೂರು ಸಲ ನೋಡಲು ಹೋಗಬೇಡಿ. ಅವನು ಇಲ್ಲ ಅಂದಾಯಿತು.

ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೇಳುವುದು, ಅವನ ತಾಯಿಗೆ ಹೇಳಿ ಅವಳಿಂದ ಹೇಳಿಸುವುದು, ಲಕ್ಷ್ಮೀನರಸಿಂಹ ಸ್ವಾಮಿಯ ತೇರಿನ ದಿನ ನೆಂಟರ ನಡುವೆ ಮಾತು ತೆಗೆಯುವುದು, "ನೀನಲ್ಲದೆ ನನಗ್ಯಾರಿದ್ದಾರೆ" ಎಂದು ಶುರುಮಾಡುವುದು, ಇವೆಲ್ಲ ಬಾಗಿಲು ಮುಚ್ಚಿ ಕೇಳಿದ ಹಾಗೆ. ದೊಡ್ಡ ವಿಷಯವನ್ನು ಮನೆಗೇ ಹೋಗಿ ಕೇಳುವುದು ಮರ್ಯಾದೆ ಎಂಬುದು ನಮ್ಮ ಹಿರಿಯರ ಕ್ರಮ. ನಾನು ಇದಕ್ಕೊಂದು ತಿದ್ದುಪಡಿ ಹೇಳುತ್ತೇನೆ: ಮೊದಲು ಫೋನಿನಲ್ಲಿ ಸುಳಿವು ಕೊಡಿ, ಒಪ್ಪುವ ಮನಸ್ಸು ಕಂಡ ಮೇಲೆ ವಿವರ ಹೇಳಲು ಮನೆಗೆ ಹೋಗಿ.

5. ಕೆಲಸದ ಪೂರಾ ಅಳತೆ ಹೇಳಿ.

"ಹೊಳಲ್ಕೆರೆಗೆ ಒಂದು ಅರ್ಧ ಗಂಟೆ ಬಂದು ಹೋಗು, ಸಾಕ್ಷಿ ಹಾಕೋದೈತೆ." ಉಪನೋಂದಣಿ ಕಚೇರಿಯ ಅರ್ಧ ಗಂಟೆ ಎಂದರೆ ಸರ್ವರ್ ಇದ್ದರೆ ಮಧ್ಯಾಹ್ನ, ಇಲ್ಲದಿದ್ದರೆ ನಾಳೆ. ಇಡೀ ದಿನ ಹೋಗಬಹುದು ಎಂದು ಹೇಳಿಯೇ ಕರೆಯಿರಿ.

6. ರಕ್ತ ಕೇಳುವಾಗ ಎಲ್ಲರನ್ನೂ ಒಮ್ಮೆಗೇ ಕರೆಯಬೇಡಿ.

ಹಣಕ್ಕೆ ರಕ್ತ ಕೊಡುವ ಪದ್ಧತಿ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ದೇಶದಲ್ಲಿ ನಿಷಿದ್ಧ. ಹಾಗಾಗಿ ಗೆಳೆಯರನ್ನೇ ಕೇಳಬೇಕು, ಕೇಳಲು ಸಂಕೋಚವೇ ಬೇಡ. ಗಂಡಸರು ಒಮ್ಮೆ ಕೊಟ್ಟರೆ 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲ. ಆಸ್ಪತ್ರೆಯವರು ಎರಡು ಯೂನಿಟ್ ಎಂದರೆ ಜೀಪು ತುಂಬ ಜನ ಹೋಗಿ ಎಲ್ಲರೂ ಕೊಟ್ಟು ಬಂದರೆ ಮುಂದಿನ ವಾರಕ್ಕೆ ಯಾರು? ಒಂದಿಬ್ಬರನ್ನು ಮನೆಯಲ್ಲೇ ಉಳಿಸಿ.

7. ಬೈಕು, ಕಾರು.

ಲೈಸೆನ್ಸ್ ಇಲ್ಲದವನಿಗಾಗಿ ಕೇಳಬೇಡಿ. ಅಪಘಾತವಾದರೆ ಪರಿಹಾರದ ಹೊರೆ ಕೊನೆಗೆ ಗಾಡಿಯ ಮಾಲೀಕನ ತಲೆಗೆ ಬರಬಹುದು. ಅಂದರೆ ಇದೂ ಜಾಮೀನೇ. ಪೆಟ್ರೋಲೋ ಡೀಸೆಲೋ ತುಂಬಿಸಿ ವಾಪಸ್ ಕೊಡಿ, "ಎಷ್ಟು ಹಾಕಿಸಲಿ" ಎಂದು ಕೇಳಬೇಡಿ.

8. ಬೇರೆಯವರಿಗಾಗಿ ಕೇಳುವುದಾದರೆ ಮಲ್ಲಾಡಿಹಳ್ಳಿಯ ಕ್ರಮ.

ನಮ್ಮ ತಾಲ್ಲೂಕಿನಲ್ಲೇ ಕೇಳುವುದನ್ನು ಬದುಕು ಮಾಡಿಕೊಂಡ ಒಬ್ಬರಿದ್ದರು. ಮಲ್ಲಾಡಿಹಳ್ಳಿಯ ಅನಾಥ ಸೇವಾಶ್ರಮದ ರಾಘವೇಂದ್ರ ಸ್ವಾಮೀಜಿ. "ತಿರುಕ" ಎಂಬ ಹೆಸರಲ್ಲಿ ಬರೆದರು, ಆತ್ಮಕಥೆಗೆ "ಜೋಳಿಗೆಯ ಪವಾಡ" ಎಂದು ಹೆಸರಿಟ್ಟರು, 1996ರಲ್ಲಿ ತೀರಿಕೊಂಡರು. ಜೋಳಿಗೆ ಹಿಡಿದು ತಾವೇ ಬಾಗಿಲಿಗೆ ಬರುತ್ತಿದ್ದರು. ಕೊಟ್ಟದ್ದು ಎಲ್ಲಿಗೆ ಹೋಯಿತು ಎಂಬುದು ಆಶ್ರಮಕ್ಕೆ ಹೋದವರ ಕಣ್ಣಿಗೇ ಕಾಣುತ್ತಿತ್ತು. ನಾವು ಮಾಡುವುದು ಇದರ ತಿರುಗುಮುರುಗು. "ನನ್ನ ಫ್ರೆಂಡ್ ಒಬ್ಬ ಚಿತ್ರದುರ್ಗದಾಗವನೆ, ಹೇಳಿ ಮಾಡಿಸ್ತೀನಿ ಬಿಡು" ಎಂದು ಮಾತು ಕೊಟ್ಟು, ಹೆಸರು ನಾವು ತೆಗೆದುಕೊಂಡು, ಕೆಲಸ ಆ ಫ್ರೆಂಡಿನ ಹೆಗಲಿಗೆ ಏರಿಸುತ್ತೇವೆ. ಅವನಿಗೆ ಗುರುತಿಲ್ಲದವರ ಉಪಕಾರದ ಭಾರ ಅವನ ಮೇಲೆ. ಮೊದಲು ಅವನನ್ನು ಕೇಳಿ, ಆಮೇಲೆ ಮಾತು ಕೊಡಿ.

9. ಇಲ್ಲ ಅಂದವರ ಮನೆಗೆ ವಾರದೊಳಗೆ ಹೋಗಿ.

ಒಪ್ಪಿದವನಿಗೆ ಕೃತಜ್ಞತೆ ತೋರಿಸಲು ಯಾರೂ ಕಲಿಸಬೇಕಿಲ್ಲ. ಒಪ್ಪದವನ ಮುಂದೆ ಹೇಗಿರಬೇಕೆಂಬುದು ನಮಗೆ ಬರುವುದಿಲ್ಲ. ಜಾಮೀನಿಗೆ ಇಲ್ಲ ಅಂದವನು ನಿಮ್ಮನ್ನು ಕಂಡು ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರೆ, ಅವನಿಗೆ ನಿಮಗಿಂತ ಹೆಚ್ಚು ಸಂಕಟವಾಗಿದೆ. ನೀವೇ ಅವನ ಮನೆಗೆ ಹೋಗಿ, ಸಾಲದ ಮಾತು ಎತ್ತದೆ ಕಾಫಿ ಕುಡಿದು ಬನ್ನಿ. ಮುಂದಿನ ಸಲ ಚಿಕ್ಕಜಾಜೂರಿಗೆ ಹೋಗಬೇಕಾದಾಗ ಅವನನ್ನೇ ಎಬ್ಬಿಸಿ; ಅವನು ಬರುತ್ತಾನೆ.