ಎರಡು ಮಳೆಗಳ ಕೈತೋಟ

ಕೈತೋಟವನ್ನೂ ಕಾಯಕವೆಂದೇ ಬಗೆಯುವ ನಮ್ಮಲ್ಲಿ ಅನೇಕರು ಬಿತ್ತನೆಗೆ ಜೂನ್ ತಿಂಗಳ ಮುಂಗಾರನ್ನು ಕಾಯುವುದುಂಟು. ಆದರೆ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಮೈಸೂರಿಗೆ ಹೆಚ್ಚು ಮಳೆ ಬೀಳುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್ ಹಾಗೂ ಅಕ್ಟೋಬರ್‌ಗಳಲ್ಲಿ. ನಡುವಣ ತಿಂಗಳುಗಳಲ್ಲಿ ಅಷ್ಟಿಲ್ಲ. ಆದುದರಿಂದ ಬದನೆ, ಬೆಂಡೆ, ಹೀರೆಗಳನ್ನು ಮೇ ಮಳೆಗೇ ಹಾಕುವುದು ಲೇಸು. ಶ್ರಾವಣದ ವೇಳೆಗೆ ಅವರೆ ಊರಿದರೆ ಪುಷ್ಯದ ಚಳಿಗೆ ಸೊಗಡಿನ ಕಾಯಿ ಕೈಗೆ ಬರುತ್ತದೆ. ದಸರೆ ಕಳೆದ ಮೇಲೆ ಮೆಂತ್ಯ, ಕೊತ್ತಂಬರಿ. ಬೇಸಿಗೆಗೆ ದಂಟು, ಬಸಳೆ, ಅವುಗಳ ಬುಡಕ್ಕೆ ಒಣ ಎಲೆಯ ಹೊದಿಕೆ.

ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಪಲ್ಯಕ್ಕೆ ನಿಂಬೆರಸ ಹಿಂಡಬೇಕು. ಊಟದ ಬೆನ್ನಿಗೇ ಕಾಫಿ ಕುಡಿದರೆ, ಮೈಸೂರಿನವರಿಗೆ ಇದು ಕಷ್ಟದ ಮಾತು, ಆ ಲಾಭ ಕುಗ್ಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಅತ್ಯಗತ್ಯ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8ರಿಂದ 10 ದಿನ ಸಾಕು. ಸೋಮವಾರದ ಪೂಜೆಗೆಂದು ಮನೆ ಶುಚಿ ಮಾಡುವಾಗಲೇ ತಟ್ಟೆಗಳ ನೀರು ಚೆಲ್ಲೋಣ. ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು. ಅಲ್ಲಿ ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ.